ನಮ್ಮನೆಯಲ್ಲಿ ಹದಿನಾಲ್ಕು ಕಂಬ ಇದ್ದವು



ಇಲ್ಲಿ ಮಾತಾಡಬೇಕು ಅಂತ ಕರೆದಾಗ ಸಂಘಟಕರಿಗೆ ನಾನು ಮೊದಲೇ ಹೇಳಿದೆ. ನಾನು ಕಂಪನಿ ಕಟ್ಟಿದವಳಲ್ಲ, ಪುಸ್ತಕ ಬರೆದವಳಲ್ಲ, ವೇದಿಕೆ ಹತ್ತಿ ಅಭ್ಯಾಸವೂ ಇಲ್ಲ. ನನಗೆ ಎಪ್ಪತ್ತೇಳು ವರ್ಷ, ಮಂಡಿ ನೋವಿದೆ, ಗೊತ್ತಿರೋದು ನಮ್ಮನೆ ವಿಷಯ ಒಂದೇ. ಅವರು "ಅದನ್ನೇ ಹೇಳಿ ಆಂಟಿ" ಅಂದರು. ಹಾಗಾಗಿ ಇವತ್ತು ನಮ್ಮನೆ ವಿಷಯ ಹೇಳ್ತೀನಿ. ಬೇಜಾರಾದರೆ ಹಿಂದಿನ ಸಾಲಿನವರು ಮೆಲ್ಲಗೆ ಕಾಫಿಗೆ ಹೋಗಬಹುದು. (ನಗು)

ಪುಣೆಗೆ ಬಂದ ಹೊಸದರಲ್ಲಿ, ಪಿಂಪಳೆ ಸೌದಾಗರದ ನಮ್ಮ ಸೊಸೈಟಿಯಲ್ಲಿ ಕನ್ನಡದ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಆಂಟಿ, ನಿಮ್ಮ ಊರು ಯಾವುದು?" ನಾನು "ಸಾಗರದ ಕಡೆ" ಅಂತೀನಿ. "ಸಾಗರದಲ್ಲಿ ಎಲ್ಲಿ?" ಅಂತಾರೆ. "ಹೊಳೆ ಆಚೆ, ಕರೂರು ಸೀಮೆ" ಅಂತೀನಿ. ಒಬ್ಬ ಹುಡುಗ ಮೊಬೈಲ್ ತೆಗೆದು ಮ್ಯಾಪ್ ಹಿಡಿದ. "ತೋರಿಸಿ" ಅಂದ. ನಾನು ನೀಲಿ ಬಣ್ಣದ ಮೇಲೆ ಬೆರಳಿಟ್ಟೆ. "ಆಂಟಿ, ಅದು ನೀರು" ಅಂದ. "ಹೌದಪ್ಪ, ಅದೇ ನಮ್ಮೂರು" ಅಂದೆ.

ಶರಾವತಿ ನಿಮಗೆಲ್ಲ ಗೊತ್ತು. ತೀರ್ಥಹಳ್ಳಿ ಹತ್ತಿರ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರೋ ಹೊಳೆ. ನಾನು ಹುಟ್ಟಿದ್ದು 1948ರಲ್ಲಿ. ಜೋಗದಲ್ಲಿ ಕರೆಂಟು ತಯಾರಾಗೋಕೆ ಶುರುವಾಗಿದ್ದೂ ಅದೇ ವರ್ಷ. ಅದಕ್ಕೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಆಮೇಲೆ ಅದಕ್ಕಿಂತ ದೊಡ್ಡದು ಬಂತು, ಲಿಂಗನಮಕ್ಕಿ. 1964ರಲ್ಲಿ ಮುಗಿಯಿತು. ಆ ನೀರಿನಲ್ಲಿ ಹಳೇ ಅಣೆಕಟ್ಟೂ ಮುಳುಗಿತು, ನಮ್ಮೂರೂ ಮುಳುಗಿತು. ಅಣೆಕಟ್ಟನ್ನೇ ಮುಳುಗಿಸಿದ ನೀರು ಹತ್ತು ಮನೆ ಊರನ್ನ ಬಿಡ್ತದಾ?

ಆದರೆ ನಾನು ಹೇಳೋಕೆ ಬಂದಿದ್ದು ಮುಳುಗಿದ ಕತೆ ಅಲ್ಲ. ಅದಕ್ಕಿಂತ ಮುಂಚೆ ಅಲ್ಲಿ ಹದಿಮೂರು ವರ್ಷ ಬದುಕಿದ್ದೀನಲ್ಲ, ಅದು.

ನಮ್ಮನೇಲಿ ಹದಿನಾಲ್ಕು ಕಂಬ ಇದ್ದವು. ಹೊರಜಗಲಿಗೆ ಆರು, ಒಳಗೆ ನಡುಮನೇಲಿ ನಾಲ್ಕು, ಹಿಂದೆ ಕೊಟ್ಟಿಗೆ ಕಡೆ ಹೋಗೋ ದಾರಿಗೆ ನಾಲ್ಕು. ಜಗಲಿಯ ಎರಡನೇ ಕಂಬ ಅಪ್ಪಯ್ಯಂದು. ಅಂದರೆ ಅವರು ಅದಕ್ಕೇ ಒರಗಿ ಕೂರೋದು. ಅಲ್ಲಿ ಬೆನ್ನು ತಾಗಿ ತಾಗಿ ಮರ ಕಪ್ಪಗೆ ಹೊಳೀತಿತ್ತು. ಮನೇಲಿ ಹತ್ತೊಂಬತ್ತು ಜನ. ಅಮ್ಮಮ್ಮ, ಅಂದರೆ ಅಪ್ಪಯ್ಯನ ತಾಯಿ, ದೊಡ್ಡಪ್ಪ ದೊಡ್ಡಮ್ಮ, ನಮ್ಮ ಅಪ್ಪಯ್ಯ ಅಮ್ಮ, ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಚಿಕ್ಕಮ್ಮ, ಗಂಡ ತೀರಿಕೊಂಡು ತವರಿಗೆ ಬಂದ ಅತ್ತೆ. ಉಳಿದ ಹತ್ತು ಮಕ್ಕಳು ನಾವು. ಯಾರ ಮಕ್ಕಳು ಯಾರು ಅಂತ ನಮಗೆ ಗೊತ್ತಾಗ್ತಾ ಇದ್ದಿದ್ದು ಪೆಟ್ಟು ಬೀಳೋವಾಗ ಮಾತ್ರ. ದೊಡ್ಡಮ್ಮ ಅವರ ಮಕ್ಕಳಿಗೆ ಮೊದಲು ಹೊಡೆದು ಆಮೇಲೆ ನಮಗೆ ಹೊಡೀತಿದ್ರು. ಅದು ಮರ್ಯಾದೆ. (ನಗು)

ನಿಮ್ಮ ಫ್ಲಾಟಿನಲ್ಲಿ ಮಕ್ಕಳಿಗೊಂದು ರೂಮು ಇದೆ. ನಮಗೆ ರೂಮು ಇರಲಿಲ್ಲ, ಜಾಗ ಇತ್ತು. ಮಳೆಗಾಲದಲ್ಲಿ ನಮ್ಮ ಜಾಗ ಬಚ್ಚಲೊಲೆ ಎದುರು. ಮಲೆನಾಡಿನ ಮಳೆ ಅಂದರೆ ಜೂನಿನಲ್ಲಿ ಹಿಡಿದರೆ ಬಿಡೋ ಮಾತೇ ಇಲ್ಲ. ಜಗಲಿಗೆ ಇರಚಲು ಹೊಡೀಬಾರದು ಅಂತ ಅಡಿಕೆ ಸೋಗೆಯ ಜಡಿ ಕಟ್ಟೋರು. ಮನೆಯೊಳಗೆ ಹಗಲೇ ಕತ್ತಲೆ. ಬಚ್ಚಲಲ್ಲಿ ಒಂದು ತಾಮ್ರದ ಹಂಡೆ, ಕೆಳಗೆ ದೊಡ್ಡ ದಿಮ್ಮಿ ಉರೀತಾ ಇರೋದು. ಅದು ಇಡೀ ಮಳೆಗಾಲ ಆರೋದೇ ಇಲ್ಲ. ಗೇರುಬೀಜ, ಹಲಸಿನ ಬೀಜ ಕೆಂಡದಲ್ಲಿ ಹಾಕಿ ಸುಡೋದು. ಬೀಜ ಢಬ್ ಅಂತ ಸಿಡಿದರೆ ಯಾರ ಮೇಲೆ ಬೂದಿ ಬೀಳ್ತದೋ ಅವರು ಕೊಟ್ಟಿಗೆಗೆ ಹೋಗಿ ಬರಬೇಕು, ಕತ್ತಲಲ್ಲಿ. ಶಾಲೆಗೆ ಹೋಗೋಕೆ ಕಂಬಳಿಕೊಪ್ಪೆ. ಮನೆಗೆ ಬರೋವಾಗ ಕಾಲಿನಿಂದ ಇಂಬಳ ಕೀಳೋದು ಒಂದು ಕೆಲಸ. ಅಮ್ಮಮ್ಮ ಸುಣ್ಣದ ಡಬ್ಬಿ ಹಿಡಿದು ಕಾಯ್ತಾ ಇರೋರು. ನಮ್ಮನ್ನ ಮಾತಾಡಿಸೋಕೆ ಮುಂಚೆ ಕಾಲು ನೋಡೋರು.

ಊಟ ಅಂದ್ರೆ ಏನು ದೊಡ್ಡ ಪದಾರ್ಥ ಇರಲಿಲ್ಲ. ಅನ್ನ, ತಂಬುಳಿ, ಮಜ್ಜಿಗೆ, ಉಪ್ಪಿನಕಾಯಿ. ಆದರೆ ತಂಬುಳಿ ದಿನಕ್ಕೊಂದು. ಒಂದೆಲಗದ್ದು, ನೆಲ್ಲಿಕಾಯಿದು, ದಾಳಿಂಬೆ ಸಿಪ್ಪೆದು, ಮೆಂತ್ಯದ್ದು. ಮನೆ ಸುತ್ತ ಹತ್ತು ಹೆಜ್ಜೆ ನಡೆದು ಬಂದರೆ ಅವತ್ತಿನ ಅಡುಗೆ ತೀರ್ಮಾನ ಆಗ್ತಿತ್ತು. ಈಗ ನನ್ನ ಸೊಸೆ ಆ್ಯಪ್ ತೆರೆದು ಹತ್ತು ನಿಮಿಷದಲ್ಲಿ ಸೊಪ್ಪು ತರಿಸ್ತಾಳೆ. ನಾನು ತಮಾಷೆಗೆ ಹೇಳ್ತೀನಿ, "ನಮ್ಮ ಅಮ್ಮನಿಗೆ ಎರಡೇ ನಿಮಿಷ ಸಾಕಾಗ್ತಿತ್ತು ಮಗಳೇ."

ಉಪ್ಪಿನಕಾಯಿ ವಿಷಯ ಹೇಳಲೇಬೇಕು. ನಿಮ್ಮಲ್ಲಿ ಎಷ್ಟು ಜನ ಊರಿಂದ ಅಪ್ಪೆಮಿಡಿ ತರಿಸ್ತೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆ! ಈ ಅಪ್ಪೆಮಿಡಿ ತೋಟದಲ್ಲಿ ಸಾಲಾಗಿ ನೆಟ್ಟು ಬೆಳೆದ ಮರದ್ದಲ್ಲ. ಹೊಳೆ ದಂಡೆಯ ಕಾಡುಮಾವು ಅದು. ಒಂದು ಮರದ ಕಾಯಿ ಇದ್ದ ಹಾಗೆ ಇನ್ನೊಂದರದ್ದು ಇರಲ್ಲ. ಒಂದು ಉದ್ದ, ಒಂದು ಗುಂಡು. ಒಂದಕ್ಕೆ ಜೀರಿಗೆ ವಾಸನೆ, ಒಂದಕ್ಕೆ ಕರ್ಪೂರದ ವಾಸನೆ. ಹಾಗಾಗಿ ಪ್ರತಿ ಮರಕ್ಕೂ ಒಂದು ಹೆಸರು. ನಮ್ಮೂರ ಹೊಳೆಬದಿಯಲ್ಲಿ ಐದು ಮರ ಇದ್ದವು. ಕಲ್ಲುಗುಂಡಿ ಮರ, ದೋಣಿಕಟ್ಟೆ ಮರ, ಜೀರಿಗೆ ಮರ, ಕುಂಟಮರ, ಇನ್ನೊಂದು ಸುಮ್ಮನೆ 'ಅತ್ತೆ ಮರ'. ನಮ್ಮತ್ತೆ ಅದರ ಮಿಡಿ ಬಿಟ್ಟು ಬೇರೆ ಹಾಕ್ತಾ ಇರಲಿಲ್ಲ, ಅದಕ್ಕೆ. ಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗಿ ಭರಣೀಲಿ ಕೊಳೀತದೆ. ಅದಕ್ಕೆ ಮರ ಹತ್ತಿದವನು ಬುಟ್ಟಿ ಕಟ್ಟಿ ಮೆಲ್ಲಗೆ ಇಳಿಸಬೇಕು, ತೊಟ್ಟು ಸಮೇತ. ಉಪ್ಪಲ್ಲಿ ಹಾಕಿ, ಅದು ಚಿರುಟಿದ ಮೇಲೆ ಖಾರ ಕಡೆಯೋದು. ಸರಿಯಾಗಿ ಹಾಕಿದ ಮಿಡಿ ಐದಾರು ವರ್ಷ ಗರಿಗರಿ ಇರ್ತದೆ. ನಮ್ಮ ಅಟ್ಟದ ಮೇಲೆ ಒಂಬತ್ತು ಭರಣಿ ಇದ್ದವು, ಬಾಯಿಗೆ ಬಟ್ಟೆ ಕಟ್ಟಿ, ಮರದ ಹೆಸರು ಹೇಳಿ ಇಟ್ಟಿದ್ದು.

ಮಳೆ ಹೋಯ್ತು ಅಂದರೆ ಅಂಗಳಕ್ಕೆ ಚಪ್ಪರ. ಅಡಿಕೆ ಕೊಯ್ಲು. ಕೊನೆಗೌಡ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಹಾಗೇ ಜಿಗಿಯೋನು. ಕೊನೆ ಕೊಯ್ದು ಹಗ್ಗದ ಮೇಲೆ ಬಿಟ್ಟರೆ ಸರ್ರಂತ ಕೆಳಗೆ ಬರೋದು, ಕೆಳಗೆ ಒಬ್ಬರು ಹಿಡಿಯೋದು. ರಾತ್ರಿ ಊರಿನ ಹೆಂಗಸರೆಲ್ಲ ನಮ್ಮ ಜಗಲೀಲಿ. ಮೆಟ್ಟುಗತ್ತಿ ಸಾಲಾಗಿ ಇಟ್ಟುಕೊಂಡು ಅಡಿಕೆ ಸುಲಿಯೋರು. ಎರಡು ಲಾಟೀನು, ಅಷ್ಟೇ ಬೆಳಕು. ಕೈ ಒಂದು ಕಡೆ, ಬಾಯಿ ಒಂದು ಕಡೆ. ಯಾರ ಮನೆ ಹುಡುಗಿಗೆ ಎಲ್ಲಿಂದ ಸಂಬಂಧ ಬಂದಿದೆ, ಯಾರ ಎಮ್ಮೆ ಹಾಲು ಕೊಡ್ತಿಲ್ಲ, ಯಾವ ಮೇಳದ ಆಟ ಚೆನ್ನಾಗಿತ್ತು, ಎಲ್ಲ ಅಲ್ಲೇ. ನಿಮಗೆ ವಾಟ್ಸಾಪ್ ಗ್ರೂಪ್ ಇದೆಯಲ್ಲ, ನಮಗೆ ಅಡಿಕೆ ಸುಲಿಯೋ ಜಗಲಿ. ಒಂದೇ ವ್ಯತ್ಯಾಸ. ಅಲ್ಲಿ ಗುಡ್ ಮಾರ್ನಿಂಗ್ ಚಿತ್ರ ಬರ್ತಿರಲಿಲ್ಲ. (ನಗು)

ಹೊಳೆ ಕಡೆಗೆ ದೀವರ ಕೇರಿ ಇತ್ತು. ಅವರ ಮನೆ ಗೋಡೆ ನೋಡಬೇಕಿತ್ತು ನೀವು. ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಗೆರೆ ಎಳೆಯೋಕೆ ನಾರಿನ ಕುಂಚ. ಅದೇ ಚಿತ್ತಾರ ಭೂಮಿ ಹುಣ್ಣಿಮೆ ದಿನ ಬುಟ್ಟಿ ಮೇಲೆ ಬರೆಯೋರು, ಆ ಬುಟ್ಟೀಲಿ ಅಡುಗೆ ಇಟ್ಟು ಗದ್ದೆಗೆ ಒಯ್ಯೋರು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು ಅಂತ. ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ಬರೋರು. ಒಬ್ಬರ ಕೈಯಲ್ಲಿ ದೀಪ, ಉಳಿದವರ ಹಾಡು. ದೂರದ ಗದ್ದೆ ಬದುವಿನ ಮೇಲೆ ಆ ಒಂದೇ ಒಂದು ದೀಪ ನಡೆದುಕೊಂಡು ಬರೋದು ಕಾಣ್ತಿತ್ತು. ಇಡೀ ಊರು ಕತ್ತಲೆ ಇದ್ದಿದ್ದರಿಂದ ಆ ದೀಪಕ್ಕೆ ಬೆಲೆ ಇತ್ತು. ನಮ್ಮನೆ ಬಾಗಿಲಲ್ಲಿ ಅಮ್ಮಮ್ಮ ಆ ದೀಪಕ್ಕೆ ಎಣ್ಣೆ ಎರೆಯೋರು.

ಆ ಕತ್ತಲೆ ವಿಷಯಕ್ಕೆ ಬರ್ತೀನಿ. ಜೋಗದ ಕರೆಂಟು ಎಲ್ಲೆಲ್ಲಿಗೋ ಹೋಗ್ತಿತ್ತು, ನಮ್ಮೂರಿಗೆ ಬಂದಿರಲಿಲ್ಲ. ನಾನು ಆ ಊರು ಬಿಡೋ ದಿನದವರೆಗೂ ಓದಿದ್ದು ಚಿಮಣಿ ಬುಡ್ಡೀಲಿ. ಆಮೇಲೆ ಶರಾವತಿ ವಿದ್ಯುದಾಗಾರ ಬಂತು, 1,035 ಮೆಗಾವ್ಯಾಟ್. ಎಷ್ಟೋ ವರ್ಷ ಕರ್ನಾಟಕದ ಬೆಳಕಿನ ದೊಡ್ಡ ಪಾಲು ಅಲ್ಲಿಂದಲೇ ಬಂದಿದ್ದು. ನಿಮ್ಮಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಓದಿದವರು ಇರ್ತೀರಿ. ನಿಮ್ಮಪ್ಪ ಅಮ್ಮ ಪರೀಕ್ಷೆಗೆ ಓದಿದ ದೀಪ ಅದು. ನಾನು ಇದನ್ನ ಸಿಟ್ಟಿನಿಂದ ಹೇಳ್ತಿಲ್ಲ. ಡ್ಯಾಮು ಬೇಡವಾಗಿತ್ತು ಅಂತಲೂ ಹೇಳಲ್ಲ. ಲೆಕ್ಕ ಹೇಳೋವಾಗ ಎರಡೂ ಕಡೆ ಹೇಳಬೇಕಲ್ಲ, ಅದಕ್ಕೆ.

ನನಗೆ ಹನ್ನೆರಡು ವರ್ಷ ಇದ್ದಾಗ ಅಳತೆಯವರು ಬಂದರು. ಮರ ಎಣಿಸಿದರು. ಅಡಿಕೆ ಮರ ಎಷ್ಟು, ತೆಂಗು ಎಷ್ಟು, ಹಲಸು ಎಷ್ಟು. ಅಪ್ಪೆ ಮರ ಹೊಳೆ ದಂಡೇದು, ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಅಡಿಕೆ ಸಸಿ ನೆಟ್ಟು ಫಸಲು ಕಾಣಬೇಕಾದರೆ ಏಳೆಂಟು ವರ್ಷ ಬೇಕು. ಅಮ್ಮಮ್ಮನಿಗೆ ಆಗ ಎಪ್ಪತ್ತರ ಹತ್ತಿರ. ಅವರು ಅಳತೆಯವನಿಗೆ ಮಜ್ಜಿಗೆ ಕೊಟ್ಟು, ಕೂರಿಸಿ, ಕೇಳಿದರು: "ತಮ್ಮಾ, ಮರಕ್ಕೆ ದುಡ್ಡು ಕೊಡ್ತೀರಿ, ಸರಿ. ನನ್ನ ಎಂಟು ವರ್ಷ ಎಲ್ಲಿಂದ ಕೊಡ್ತೀರಿ?" ಅವನು ಚಿಕ್ಕ ಹುಡುಗ, ಪಾಪ. ತಲೆ ತಗ್ಗಿಸಿ ಮಜ್ಜಿಗೆ ಕುಡಿದ.

ಮುಂದಿನ ಬೇಸಿಗೆಯಲ್ಲಿ ನಮ್ಮನೆ ಬಿಚ್ಚಿದರು. ನೀವು ಮನೆ ಕಟ್ಟೋದು ನೋಡಿರ್ತೀರಿ, ಕೆಡಹೋದು ನೋಡಿರ್ತೀರಿ. ಬಿಚ್ಚೋದು ಬೇರೆ. ಮೊದಲು ಹಂಚು, ಆಮೇಲೆ ಪಕಾಸು, ಆಮೇಲೆ ತೊಲೆ, ಬಾಗಿಲು, ಕೊನೆಗೆ ಕಂಬ. ಒಂದೂ ಮುರೀದ ಹಾಗೆ ಬಿಚ್ಚಿ ಗಾಡಿಗೆ ಹೇರೋದು. ಅಪ್ಪಯ್ಯ ಅದಕ್ಕೆ ಮುಂಚೆ ಒಂದು ಕೆಲಸ ಮಾಡಿದರು. ನನ್ನ ಶಾಲೆಯ ಒಂದು ನೋಟ್‌ಬುಕ್ ಇಸ್ಕೊಂಡು, ಮೊಳಕೋಲು ಹಿಡಿದು, ಮನೆಯನ್ನ ಪೂರ್ತಿ ಅಳೆದರು. ಜಗಲಿ ಉದ್ದ ಇಷ್ಟು, ಅಗಲ ಇಷ್ಟು. ಬಾಗಿಲು ಯಾವ ದಿಕ್ಕಿಗೆ. ಬಾವಿಯಿಂದ ಅಡುಗೆಮನೆಗೆ ಎಷ್ಟು ಹೆಜ್ಜೆ. ಯಾವ ತೋಟದ ಹೆಸರೇನು, ಆ ಹೆಸರು ಯಾಕೆ ಬಂತು. ದನಗಳ ಹೆಸರು. ಅಪ್ಪೆ ಮರದ ಹೆಸರು. ನಾನು ಅಳತೆ ಹೇಳೋದು, ಅವರು ಬರೆಯೋದು. ದೊಡ್ಡಪ್ಪ ಬೈದರು, "ನೀರಿಗೆ ಹೋಗೋ ಮನೆ ಲೆಕ್ಕ ಯಾರಿಗೆ ಬೇಕೋ?" ಅಪ್ಪಯ್ಯ ತಲೆ ಎತ್ತಲಿಲ್ಲ. "ಇಲ್ಲಿ ಇದ್ದೆವು ಅಂತ ನಮಗಾದರೂ ಗೊತ್ತಿರಲಿ" ಅಂದರು.

ಆ ಹದಿನಾಲ್ಕು ಕಂಬ ಒಂದೇ ಕಡೆ ಹೋಗಲಿಲ್ಲ. ಹತ್ತೊಂಬತ್ತು ಜನ ಹೋದ ಹಾಗೇ ಅವೂ ಹಂಚಿಹೋದವು. ದೊಡ್ಡಪ್ಪನಿಗೆ ಒಂದು ಕಡೆ ಜಮೀನು, ನಮಗೆ ಇನ್ನೊಂದು ಕಡೆ, ನಲವತ್ತು ಮೈಲಿ ದೂರ. ಒಬ್ಬ ಚಿಕ್ಕಪ್ಪ ಇನ್ನು ತೋಟದ ಸಹವಾಸವೇ ಬೇಡ ಅಂತ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಕ್ಯಾಶಿಯರ್ ಆದ. ಮನೆ ಪಾಲಾಗಿದ್ದು ಜಗಳದಿಂದಲ್ಲ, ನೀರಿನಿಂದ. ಹಂಡೆ ಯಾರಿಗೆ ಅನ್ನೋ ಪ್ರಶ್ನೆ ಬಂದಾಗ ದೊಡ್ಡಮ್ಮ ನಮ್ಮಮ್ಮನಿಗೆ, "ನಿಂಗೆ ಸಣ್ಣ ಮಕ್ಕಳು ಹೆಚ್ಚು, ಬಿಸಿನೀರು ನಿಂಗೇ ಬೇಕು" ಅಂತ ಹೇಳಿ ನಮ್ಮ ಗಾಡಿಗೆ ಹಾಕಿಸಿದರು. ಅದಕ್ಕಿಂತ ದೊಡ್ಡ ಆಸ್ತಿ ಪಾಲು ನಾನು ನೋಡಿಲ್ಲ. ಒಂಬತ್ತು ಭರಣೀಲಿ ಮೂರು ಮೂರು ಮೂರು. ಅಮ್ಮಮ್ಮ ತಮ್ಮ ಮಡಿಲಲ್ಲಿ ಗೋಟು ಅಡಿಕೆ ಕಟ್ಟಿಕೊಂಡರು, ಬೀಜಕ್ಕೆ. ಗಾಡಿ ಹತ್ತಿದ ಮೇಲೆ ಹಿಂದೆ ನೋಡಲಿಲ್ಲ. "ಹೋಪನ" ಅಂದರು. ನಮ್ಮ ಕಡೆ 'ಹೋಗೋಣ' ಅನ್ನೋಕೆ ಹಾಗಂತೀವಿ.

ಹೊಸ ಜಾಗದಲ್ಲಿ ಕಾಡು ಕಡಿದು ತೋಟ ಮಾಡಬೇಕು. ಮಲೇರಿಯಾ, ಆನೆ ಅಲ್ಲದಿದ್ದರೂ ಹಂದಿ ಕಾಟ, ನೀರಿಲ್ಲ. ಅದನ್ನ ವಿವರವಾಗಿ ಹೇಳಿದರೆ ನನ್ನ ಹೊತ್ತು ಮುಗೀತದೆ. ಶರಾವತಿ ಮುಳುಗಡೆಯ ಎಷ್ಟೋ ಸಂಸಾರಗಳಿಗೆ ಅರವತ್ತು ವರ್ಷ ಆದಮೇಲೂ ಜಮೀನಿನ ಹಕ್ಕುಪತ್ರದ ಅಲೆದಾಟ ತಪ್ಪಿಲ್ಲ, ಅಷ್ಟು ಹೇಳ್ತೀನಿ. ಪೂರ್ತಿ ತಿಳೀಬೇಕು ಅಂದ್ರೆ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿ. ಅವರು ಸಾಗರದವರು, ಆ ಯೋಜನೆಯಲ್ಲೇ ಕೆಲಸ ಮಾಡ್ತಾ ಕಣ್ಣಾರೆ ಕಂಡವರು. 'ದ್ವೀಪ'ವನ್ನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದಾರೆ. ಅಮ್ಮಮ್ಮ ಹೊಸ ತೋಟದಲ್ಲಿ ಸಸಿ ನೆಟ್ಟು ಆರು ವರ್ಷ ಇದ್ದರು. ಮೊದಲ ಹೊಂಬಾಳೆ ಬಿಚ್ಚಿದ್ದು ಅದರ ಮುಂದಿನ ವರ್ಷ.

ಈಗ ನನ್ನ ಅಭ್ಯಾಸ ಒಂದು ಹೇಳ್ತೀನಿ. ಮಳೆಗಾಲ ಬಂದರೆ ಆನ್‌ಲೈನಲ್ಲಿ ಕನ್ನಡ ಪೇಪರು ತೆಗೆದು ಜಲಾಶಯದ ಮಟ್ಟ ನೋಡ್ತೀನಿ. ಲಿಂಗನಮಕ್ಕಿ ತುಂಬೋದು 1,819 ಅಡಿಗೆ. ನೀವು ಅದನ್ನ ನೋಡಿ 'ಡ್ಯಾಮ್ ತುಂಬಿತು, ಜೋಗಕ್ಕೆ ಟ್ರಿಪ್ ಹೋಗೋಣ' ಅಂತೀರಿ. ನಾನು ನೋಡೋದು ಬೇರೆ. ಇವತ್ತು ನೀರು ನಮ್ಮ ಅಂಗಳದಲ್ಲಿ, ಇವತ್ತು ಜಗಲಿ ಮೇಲೆ, ಇವತ್ತು ಅಟ್ಟ ಇದ್ದ ಎತ್ತರಕ್ಕೆ. ಮಗ ಕೇಳ್ತಾನೆ, "ಅಮ್ಮಾ, ಎಷ್ಟಾಯ್ತು?" ಅಂತ. "ಅಡುಗೆಮನೆಗೆ ಬಂತಪ್ಪ" ಅಂತೀನಿ. ನಮ್ಮಿಬ್ಬರಿಗೂ ಅದು ಅಳುವ ವಿಷಯ ಅಲ್ಲ. ಅವನು ಆ ಮನೆ ನೋಡಿಲ್ಲ, ಆದರೆ ಅಡುಗೆಮನೆ ಯಾವ ದಿಕ್ಕಿಗಿತ್ತು ಅಂತ ಅವನಿಗೆ ಗೊತ್ತು. ಅಪ್ಪಯ್ಯನ ಪುಸ್ತಕ ಅವನು ಸಣ್ಣವನಿದ್ದಾಗ ಅವನ ಕತೆಪುಸ್ತಕ ಆಗಿತ್ತು.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ನೀರು ಬಹಳ ಇಳೀತು. ಮಡೆನೂರಿನ ಹಳೇ ಅಣೆಕಟ್ಟು ಪೂರ್ತಿ ಕಾಣ್ತಿದೆ ಅಂತ ಸುದ್ದಿ. ನಾವು ಹೋದೆವು. ನನ್ನ ಮಗ, ಸೊಸೆ, ಮೊಮ್ಮಗಳು, ಬೊಂಬಾಯಿ ಚಿಕ್ಕಪ್ಪನ ಮಗ. ಲಾಂಚಿನಲ್ಲಿ ದಾಟಿ, ಒಬ್ಬರ ದೋಣಿ ಹಿಡಿದು, ಒಣಗಿದ ಕೆಸರಿನ ಮೇಲೆ ನಡೆದು ಹೋದೆವು. ಮರದ ಬೊಡ್ಡೆಗಳು ಕರೀ ಬಣ್ಣಕ್ಕೆ ತಿರುಗಿ ನಿಂತಿದ್ದವು. ನಮ್ಮನೆ ಜಾಗ ಸಿಕ್ಕಿತು. ಹೇಗೆ ಅಂದರೆ, ಬಾವಿಯ ಕಲ್ಲುಕಟ್ಟೆ ಇತ್ತು. ಅಲ್ಲಿಂದ ಅಡುಗೆಮನೆಗೆ ಇಪ್ಪತ್ತಮೂರು ಹೆಜ್ಜೆ ಅಂತ ಅಪ್ಪಯ್ಯ ಬರೆದಿದ್ದರು. ಮೊಮ್ಮಗಳು ಎಣಿಸಿದಳು. ಅವಳದು ಸಣ್ಣ ಕಾಲು, ಮೂವತ್ತೊಂದು ಆಯ್ತು. ಕಾಲಲ್ಲಿ ಕೆಸರು ಸರಿಸಿದರೆ ಒಲೆಕಟ್ಟೆ ಪಂಚಾಂಗದ ಕಲ್ಲು ಸಿಕ್ಕಿತು. ಆ ಹುಡುಗಿ ಪುಣೆಯಲ್ಲಿ ಹುಟ್ಟಿದವಳು, ಮರಾಠಿ ಹಿಂದಿ ನನಗಿಂತ ಚೆನ್ನಾಗಿ ಮಾತಾಡ್ತಾಳೆ. ಆ ಕಲ್ಲಿನ ಮೇಲೆ ಕೂತು, "ಅಜ್ಜಿ, ಇಲ್ಲೇನಾ ನೀವು ತಂಬುಳಿ ತಿಂತಿದ್ದಿದ್ದು?" ಅಂದಳು. ಕನ್ನಡದಲ್ಲೇ ಕೇಳಿದಳು.

ಮೊನ್ನೆ 2025ರ ಜುಲೈನಲ್ಲಿ ಆ ಹಿನ್ನೀರಿಗೆ ಸೇತುವೆ ಆಯ್ತು, ಅಂಬಾರಗೋಡ್ಲು–ಕಳಸವಳ್ಳಿ ಮಧ್ಯೆ. ಎರಡು ಕಿಲೋಮೀಟರ್‌ಗೂ ಉದ್ದ. ಇಷ್ಟು ವರ್ಷ ಆಚೆ ದಡದಲ್ಲಿ ಉಳಿದವರು ಬಸುರಿಯನ್ನ, ಹಾವು ಕಡಿದವರನ್ನ ಲಾಂಚ್ ಕಾದು ದಾಟಿಸಬೇಕಿತ್ತು. ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆ ಆದರೆ ದೇವರೇ ಗತಿ. ಸಿಗಂದೂರಿಗೆ ಹೋಗುವಾಗ ನೀವೂ ಆ ಸೇತುವೆ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೀತೀರಿ. ತೆಗೀರಿ, ಚೆನ್ನಾಗಿದೆ. ಕೆಳಗಿರೋದು ಕೆರೆ ಅಲ್ಲ, ಮನೆಗಳ ಅಂಗಳ ಅಂತ ನಿಮ್ಮ ಮಕ್ಕಳಿಗೆ ಒಂದು ಮಾತು ಹೇಳಿ.

ಇಷ್ಟೆಲ್ಲ ಯಾಕೆ ಹೇಳಿದೆ? ಇಲ್ಲಿ ಕೂತಿರೋರಲ್ಲಿ ತುಂಬ ಜನರ ಊರು ಮುಳುಗಿಲ್ಲ. ಮನೆ ಗಟ್ಟಿಯಾಗಿದೆ. ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಇಲ್ಲಾ ಒಬ್ಬರೇ ಇದ್ದಾರೆ. ಇನ್ನೊಂದು ಐದು ವರ್ಷಕ್ಕೆ ಅವರನ್ನ ಇಲ್ಲಿಗೆ ಕರಕೊಂಡು ಬರ್ತೀರಿ. ಆಮೇಲೆ ಆ ಮನೆ ಏನು ಮಾಡೋದು ಅಂತ ಅಣ್ಣತಮ್ಮಂದಿರ ಫೋನು ಶುರುವಾಗ್ತದೆ. ನನ್ನ ಹತ್ತಿರ ಬಂದು ಎಷ್ಟೋ ಜನ ಕೇಳಿದ್ದಾರೆ, "ಆಂಟಿ, ಮಾರಬೇಕಾ, ಇಟ್ಟುಕೊಳ್ಳಬೇಕಾ?" ಅಂತ.

ಮಾರಬೇಡಿ ಅಂತ ನಾನು ಹೇಳಲ್ಲ. ಯಾರೂ ಇರದ ಮನೆಗೆ ಗೆದ್ದಲು ಹತ್ತೋದು ಎರಡು ಮಳೆಗಾಲ ಸಾಕು. ನಿಮ್ಮ ಕೆಲಸ ಇಲ್ಲಿದೆ, ಮಕ್ಕಳ ಶಾಲೆ ಇಲ್ಲಿದೆ. ನಮ್ಮ ಬೊಂಬಾಯಿ ಚಿಕ್ಕಪ್ಪನೂ ಊರು ಬಿಟ್ಟಿದ್ದಕ್ಕೇ ಮಕ್ಕಳನ್ನ ಓದಿಸಿದ. ಮಾರೋದು ತಪ್ಪಲ್ಲ. ಆದರೆ ನಮಗೆ ನೀರು ಒಂದು ತಾರೀಕು ಕೊಟ್ಟಿತ್ತು, ಅದಕ್ಕೇ ಅಪ್ಪಯ್ಯ ಪುಸ್ತಕ ಹಿಡಿದು ಕೂತರು. ನಿಮಗೆ ಯಾರೂ ತಾರೀಕು ಕೊಟ್ಟಿಲ್ಲ. ನಿಮ್ಮ ಮನೆ ಸದ್ದಿಲ್ಲದೆ ಮುಳುಗ್ತಾ ಇದೆ. ಒಬ್ಬ ಅಜ್ಜಿ ಹೋದಾಗ ಒಂದು ಅಡಿ, ಒಬ್ಬ ದೊಡ್ಡಪ್ಪ ಹೋದಾಗ ಇನ್ನೊಂದು ಅಡಿ.

ಅದಕ್ಕೆ ಒಂದೇ ಕೆಲಸ ಹೇಳ್ತೀನಿ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಅರ್ಧ ದಿನ ಕೊಡಿ. ಮಕ್ಕಳ ಕೈಯಲ್ಲಿ ಟೇಪ್ ಹಿಡಿಸಿ, ಮನೆ ಅಳೆಯಿರಿ. ಅಪ್ಪ ಎಲ್ಲಿ ಕೂರ್ತಾರೆ, ಅಮ್ಮ ಎಲ್ಲಿ ನಿಂತು ಮಜ್ಜಿಗೆ ಕಡೀತಾರೆ, ಬಾವಿಗೆ ಎಷ್ಟು ಹೆಜ್ಜೆ, ಹೊಲಕ್ಕೆ ಏನು ಹೆಸರು, ಆ ಹೆಸರು ಯಾಕೆ ಬಂತು, ಮನೆಗೆ ಮೊದಲು ಬಂದ ಹಸುವಿನ ಹೆಸರೇನು, ಎಲ್ಲ ಕೇಳಿ. ನಿಮ್ಮ ಅಪ್ಪ ಮೊದಲು "ಅದೆಲ್ಲ ಯಾಕೋ?" ಅಂತಾರೆ. ಹತ್ತು ನಿಮಿಷ ಬಿಟ್ಟು ನೋಡಿ, ಅವರೇ ಎದ್ದು ಹಿತ್ತಿಲಿಗೆ ಕರಕೊಂಡು ಹೋಗ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬೇಡ ಅನ್ನಲ್ಲ. ಆದರೆ ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಕನ್ನಡದಲ್ಲೇ, ತಪ್ಪುತಪ್ಪಾದರೂ ಪರವಾಗಿಲ್ಲ. ನನ್ನ ಅಪ್ಪಯ್ಯನ ಪುಸ್ತಕದಲ್ಲೂ ಅಂಕಿ ಎಲ್ಲ ಸರಿ ಇದೆ, ಕಾಗುಣಿತ ಅಷ್ಟು ಸರಿ ಇಲ್ಲ. (ನಗು)

ಅರವತ್ತು ವರ್ಷ ನೀರಿನಡಿ ಇದ್ದ ಒಲೆಕಟ್ಟೆಯನ್ನ ಒಂದು ಮಗು ಹೆಜ್ಜೆ ಎಣಿಸಿ ಹುಡುಕಿತು. ನಿಮ್ಮ ಮನೆ ಇನ್ನೂ ಬಿಸಿಲಲ್ಲಿದೆ. ಬೇಗ ಹೋಗಿ ಬನ್ನಿ.